ಫರಂಗೀಸ್ ಹಿಡಿದ ಹನಿ

ರಶ್ತ್ ಪಟ್ಟಣದಲ್ಲಿ ನಮ್ಮದು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯ. ಅಲ್ಲಿ ಫರಂಗೀಸಳ ಕೈಗೆ ಒಂದು ಹೆಸರಿತ್ತು. ಯಾರ ಪರೀಕ್ಷೆಯಲ್ಲಿ ಎಳ್ಳಷ್ಟು ಅನುಮಾನ ಬಂದರೂ ನಮ್ಮ ಮೇಲಧಿಕಾರಿ ಇಂಜಿನಿಯರ್ ಫಲ್ಲಾಹ್ ಅವರು, "ಫರಂಗೀಸ್ ಖಾನಂ ಒಂದ್ಸಲ ನೋಡ್ಲಿ" ಎಂದು ಬಾಟಲಿಯನ್ನು ಅವಳ ಮೇಜಿಗೆ ಕಳಿಸುತ್ತಿದ್ದರು. ಪಕ್ಕದ ಮೇಜು ನನ್ನದು. ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು, ಒಂದೇ ಡಬ್ಬಿಯ ಆಲಿವ್ ಉಪ್ಪಿನಕಾಯಿ ಹಂಚಿಕೊಂಡು ತಿಂದು, ಅತ್ತೆ ಮನೆಯ ಸುದ್ದಿಯಿಂದ ಹಿಡಿದು ಹಲ್ಲುನೋವಿನವರೆಗೆ ಎಲ್ಲವನ್ನೂ ಮಾತಾಡಿಕೊಂಡವರು ನಾವು.

ನಮ್ಮ ಕೆಲಸ ನೋಡುವವರಿಗೆ ಮಕ್ಕಳಾಟದಂತೆ ಕಾಣುತ್ತದೆ. ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ಬಾವಿಯ ನೀರು. ಅದಕ್ಕೆ ಸಿರಿಂಜಿನಿಂದ ಅಸಿಟೋನ್ ಮತ್ತು ಇನ್ನೊಂದು ಭಾರದ ದ್ರಾವಕ ಸೇರಿದ ಮಿಶ್ರಣವನ್ನು ಒಂದೇ ಸಲಕ್ಕೆ ಚುಚ್ಚಬೇಕು. ತಿಳಿಯಾಗಿದ್ದ ನೀರು ತಟ್ಟನೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ಕಣ್ಣಿಗೆ ಕಾಣದ ಸಾವಿರಾರು ಹನಿಗಳು ನೀರಿನ ತುಂಬ ಹರಡಿ, ಅಲ್ಲಿ ಅಡಗಿರುವ ವಿಷವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಆಮೇಲೆ ಕೊಳವೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದರೆ ಅವೆಲ್ಲ ತಳಕ್ಕೆ ಇಳಿದು ಒಂದೇ ಹನಿಯಾಗುತ್ತವೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದು ಅಷ್ಟೇ. ಆ ಹನಿಯನ್ನು ಹೀರಿ ದೊಡ್ಡ ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲೆ ಗೆರೆ ಓಡುತ್ತದೆ. ವಿಷ ಇದ್ದ ಕಡೆ ಗೆರೆ ಮಿನಾರಿನಂತೆ ನೆಟ್ಟಗೆ ಏಳುತ್ತದೆ. ಹನಿ ಹೀರುವಾಗ ಕೈ ಕೂದಲೆಳೆಯಷ್ಟು ನಡುಗಿದರೂ ಕೆಲಸ ಕೆಟ್ಟಿತು. ಫರಂಗೀಸಳ ಕೈ ನಡುಗುತ್ತಿರಲಿಲ್ಲ.

ಅವಳು ಗದ್ದೆಯವರ ಮಗಳು. ಓದು ಮುಗಿದ ವರ್ಷವೇ ಫೂಮನ್ ಪೇಟೆಯ ಹುಶಂಗ್‌ನ ಜೊತೆ ಮದುವೆಯಾಯಿತು. ಹುಶಂಗ್‌ನದು ಬಿತ್ತನೆ ಬೀಜ, ಗೊಬ್ಬರ, ಹುಳುವಿನ ಔಷಧಿ ಮಾರುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಒಳ್ಳೆಯ ಮನುಷ್ಯ. ನಾನು ಹೋದಾಗಲೆಲ್ಲ, "ಬಾ ಮಾಹರುಖ್, ಬಾ. ನಿನ್ನ ಗೆಳತಿ ನೀರಲ್ಲಿ ವಿಷ ಹುಡುಕ್ತಾಳೆ, ನಾನು ಮಾರ್ತೀನಿ. ಇಬ್ಬರಿಗೂ ಕೆಲಸಕ್ಕೆ ಬರ ಇಲ್ಲ" ಎಂದು ನಗುತ್ತಿದ್ದ. ಮಗಳು ತರಾನೆ ಪ್ರೌಢಶಾಲೆಗೆ ಹೋಗುತ್ತಿದ್ದಳು. ಹುಡುಗಿಗೆ ಆಗಾಗ ತಲೆನೋವು, ಅಂಗೈ ಬೆವರುವುದು, ಬೆರಳು ಜೋಮು ಹಿಡಿಯುವುದು. ಡಾಕ್ಟರು ಶಾಲೆಯ ಪರೀಕ್ಷೆಯ ಭಯ ಎಂದಿದ್ದರು. ಫರಂಗೀಸ್ ಬೈಯುತ್ತಿದ್ದಳು: "ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಬಿದ್ದಿದ್ರೆ ತಲೆ ನೋಯ್ದೆ ಇನ್ನೇನು!"

ಆ ವಸಂತದಲ್ಲಿ ಸಸಿಮಡಿ ಹಾಕುವ ಹೊತ್ತಿಗೆ ತೂಸ್ಕಲೆ ಎಂಬ ಹಳ್ಳಿಯಿಂದ ಒಬ್ಬ ಹಿರಿಯ ಬಂದ. ನೀಲಿ ಕಣ್ಣಿನವನಾದ್ದರಿಂದ ಊರೆಲ್ಲ ಅವನನ್ನು ಕಾಸ್ ಆಗಾ, ಅಂದರೆ ನೀಲಿಗಣ್ಣಿನ ಯಜಮಾನರು, ಎಂದು ಕರೆಯುತ್ತಿತ್ತು. ಹಳ್ಳಿಯ ಪಂಚಾಯಿತಿಯಲ್ಲಿ ದೊಡ್ಡವನು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ.

"ಖಾನಂ, ನಮ್ಮ ಬಾವಿ ಹತ್ರ ಬಾತುಕೋಳಿಗಳು ಒಂದರ ಹಿಂದೆ ಒಂದು ಕಾಲು ಚಾಚ್ಕೊಂಡ್ ಬಿದ್ವು. ಊರಿಗೆಲ್ಲ ಅದೇ ಬಾವಿ. ಹೆಂಗಸ್ರು ನೀರು ಸೇದೋಕೆ ಹೆದರ್ತಾ ಇದಾರೆ."

"ಗದ್ದೆಗೆ ಔಷಧಿ ಹಾಕಿದ್ರಾ?" ಎಂದು ಫರಂಗೀಸ್ ಕೇಳಿದಳು.

"ಯಾರು ಹಾಕಲ್ಲ ಹೇಳಿ? ಹುಳ ಕಾಂಡ ಕೊರೆದ್ಮೇಲೆ ನಾವೇನು ಅದಕ್ಕೆ ಚಹಾ ಕೊಟ್ಟು ಮಾತಾಡಿಸೋಕಾಗುತ್ತಾ?"

ಮಾರನೆಯ ದಿನ ಫರಂಗೀಸ್ ತಾನೇ ಹೋಗಿ ಬಾವಿಯಿಂದ ನೀರು ತುಂಬಿಕೊಂಡು ಬಂದಳು. ಆ ವರ್ಷದ ಮೊದಲ ಕೀಟನಾಶಕ ಪರೀಕ್ಷೆ ಅದು. ನಮ್ಮಲ್ಲಿ ಒಂದು ರೂಢಿಯಿತ್ತು. ಹಳ್ಳಿಯ ನೀರನ್ನು ಅವಳು ಸಿದ್ಧಮಾಡುತ್ತಿದ್ದಳು. ಏನೂ ಇಲ್ಲದ ಶುದ್ಧ ನೀರನ್ನು ಹಾಗೆಯೇ ಎಲ್ಲ ಹಂತ ದಾಟಿಸಿ ನಾನು ಸಿದ್ಧಮಾಡುತ್ತಿದ್ದೆ. ನಮ್ಮ ಗಾಜಿನಲ್ಲೋ ದ್ರಾವಕದಲ್ಲೋ ಕೊಳೆ ಇದ್ದರೆ ಆ ಖಾಲಿ ನೀರಿನಲ್ಲೂ ಗೆರೆ ಏಳಬೇಕು. ನನ್ನ ಖಾಲಿ ನೀರಿನ ಗೆರೆ ಚಪ್ಪಟೆಯಾಗಿ ಮಲಗಿತ್ತು. ಅವಳ ಬಾವಿ ನೀರಿನ ಗೆರೆ ಡಯಾಜಿನಾನ್ ಏಳಬೇಕಾದ ಜಾಗದಲ್ಲಿ ಎದ್ದು ನಿಂತಿತು. ಭತ್ತದ ಹುಳುವಿಗೆ ಹಾಕುವ ವಿಷ ಅದು.

ಅವಳು ಮತ್ತೆ ಮಾಡಿದಳು, ಮತ್ತೊಮ್ಮೆಯೂ ಮಾಡಿದಳು. ಒಂದು ಸಲ ಹೆಚ್ಚು, ಇನ್ನೊಂದು ಸಲ ಕಡಿಮೆ. ಇಷ್ಟು ಸಣ್ಣ ಹನಿಯಲ್ಲಿ ಏರುಪೇರು ಇದ್ದದ್ದೇ ಎಂದುಕೊಂಡೆವು. ಆದರೆ ಮೂರೂ ಸಲ ಕುಡಿಯುವ ನೀರಿಗೆ ಹಾಕಿದ ಮಿತಿಯನ್ನು ದಾಟಿತ್ತು. ವರದಿ ಹೋಯಿತು. ವಾರ ಕಳೆಯುವ ಮೊದಲೇ ಬಾವಿಯ ಬಾಯಿಗೆ ಹಲಗೆ ಹೊಡೆದು ಮೊಹರು ಹಾಕಿದರು. ನೀರಿನ ಟ್ಯಾಂಕರ್ ಬರತೊಡಗಿತು.

ಇಲ್ಲಿಗೆ ನಿಂತಿದ್ದರೆ ಅದು ನಮ್ಮ ಎಂದಿನ ಕೆಲಸ. ಆದರೆ ಹಳ್ಳಿಯವರಿಗೆ ವಿಷ ಇದೆ ಎಂದ ಮೇಲೆ ಹಾಕಿದವನೂ ಬೇಕಲ್ಲ. ಬಾವಿಗೆ ತಾಗಿದ ಗದ್ದೆ ಶಾಬಾನ್ ಎಂಬವನದು. ಅವನು ಔಷಧಿ ಸಿಂಪಡಿಸುವ ಕ್ಯಾನನ್ನು ಬಾವಿಕಟ್ಟೆಯ ಮೇಲೆ ತೊಳೆದದ್ದನ್ನು ಕಂಡಿದ್ದೇನೆ ಎಂದು ಒಬ್ಬ ಹೇಳಿದ. ಮಾರನೆಯ ದಿನಕ್ಕೆ ಕಂಡವರು ಹತ್ತು ಜನವಾದರು. ಚಹಾ ಅಂಗಡಿಯಲ್ಲಿ ಶಾಬಾನ್ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರಂತೆ. ನಾಟಿಗೆ ಆಳು ಬರಲಿಲ್ಲ. ಅವನ ಮಗಳಿಗೆ ಗೊತ್ತಾಗಿದ್ದ ಸಂಬಂಧದವರು, "ಸದ್ಯಕ್ಕೆ ಬೇಡ" ಎಂದು ಹೇಳಿಕಳಿಸಿದರು.

ಶಾಬಾನ್ ಒಂದು ಬೆಳಿಗ್ಗೆ ನಮ್ಮಲ್ಲಿಗೆ ಬಂದ. ಎತ್ತರದ ಆಳು, ಪ್ಯಾಂಟಿನ ಅಂಚಿಗೆ ಕೆಸರು ಒಣಗಿತ್ತು. ಯಾರು ಎಂದು ಕೇಳುವ ಮೊದಲೇ ಫರಂಗೀಸಳ ಮುಂದೆ ನಿಂತ.

"ನಾನು ಬಾವಿಗೆ ವಿಷ ಹಾಕಿದೆ ಅಂದವ್ರು ನೀವೇನಾ?"

"ನೀವು ಹಾಕಿದ್ರಿ ಅನ್ನಲಿಲ್ಲ ಆಗಾ. ಬಾವಿ ನೀರಲ್ಲಿ ಇದೆ ಅಂದೆ. ಯಾರು ಹಾಕಿದ್ರು ಅನ್ನೋದು ನನಗೆ ಗೊತ್ತಿಲ್ಲ."

"ನಾನು ಹಾಕಿಲ್ಲ. ಈ ವರ್ಷ ನಾನು ಔಷಧಿನೇ ತಂದಿಲ್ಲ. ಹುಳ ಇನ್ನೂ ಕಾಣ್ಲಿಲ್ಲ, ಕಂಡ್ಮೇಲೆ ನೋಡೋಣ ಅಂತ ಕೂತಿದ್ದೆ. ನಂಬ್ತೀರಾ?"

"ನಂಬೋದು ಬಿಡೋದು ನನ್ನ ಕೈಲಿಲ್ಲ. ಯಂತ್ರ ತೋರಿಸಿದ್ದನ್ನ ಬರೆದಿದೀನಿ."

"ಹಾಗಾದ್ರೆ ನಿಮ್ಮ ಯಂತ್ರನ ನಮ್ಮೂರಿಗೆ ಕಳಿಸಿ ಖಾನಂ," ಎಂದ ಶಾಬಾನ್. "ನನ್ನ ಮಗಳ ಕಣ್ಣೀರು ಒರೆಸ್ಲಿ."

ಅವನು ಹೋದ ಮೇಲೆ ಫರಂಗೀಸ್ ಊಟ ಮಾಡಲಿಲ್ಲ. "ಈ ವರ್ಷ ಔಷಧಿನೇ ತಂದಿಲ್ಲ ಅಂದ ಕಣೆ" ಎಂದು ಎರಡು ಮೂರು ಸಲ ಹೇಳಿದಳು. ಮೊಹರು ಹಾಕಿದವರಿಂದಲೇ ಹಲಗೆ ತೆಗೆಸಿ ಮತ್ತೆ ಒಂದು ಬಾಟಲಿ ನೀರು ತರಿಸಿದಳು.

ಆ ನೀರು ಬಂದ ದಿನ ಅವಳು ಮಗಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದಳು. ಹಾಗಾಗಿ ನಾನೇ ಕೂತು ಮಾಡಿದೆ. ಗೆರೆ ಚಪ್ಪಟೆ. ನನ್ನ ಕೈಯಲ್ಲೇ ಹನಿ ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಆಗಲೂ ಚಪ್ಪಟೆ. ಮಾರನೆಯ ದಿನ ಅದೇ ಬಾಟಲಿಯ ನೀರನ್ನು ಅವಳು ಮಾಡಿದಳು. ಗೆರೆ ಎದ್ದಿತು.

"ನಿನ್ನ ಹನಿ ಸರಿಯಾಗಿ ಕೂತಿರಲ್ಲ" ಎಂದಳು.

"ಎರಡು ಸಲನೂ?"

ಅವಳು ಹೊಸ ಕೊಳವೆ ತೆಗೆದು, "ಖಾಲಿ ನೀರು ಕೊಡು" ಎಂದಳು. ನಾನು ಕೊಟ್ಟೆ. ಯಾವ ಹಳ್ಳಿಯದೂ ಅಲ್ಲದ, ಯಾವ ಗದ್ದೆಯನ್ನೂ ಕಾಣದ, ನಾವೇ ಬಟ್ಟಿ ಇಳಿಸಿದ ನೀರು. ಅವಳು ಅದನ್ನು ತನ್ನ ಕೈಯಾರೆ ಬೆಳ್ಳಗೆ ಮಾಡಿ, ತಿರುಗಿಸಿ, ಹನಿ ಹೀರಿ ಯಂತ್ರಕ್ಕೆ ಕೊಟ್ಟಳು. ನಾವಿಬ್ಬರೂ ಪರದೆಯ ಮುಂದೆ ನಿಂತಿದ್ದೆವು. ಗೆರೆ ಮೆಲ್ಲಗೆ ಬಂತು, ಬಂತು, ಅದೇ ಜಾಗದಲ್ಲಿ ಎದ್ದಿತು.

"ವಿಷ ನನ್ನ ಕೈಲಿದೆ" ಎಂದಳು.

ಎಲ್ಲಿಂದ ಎಂದು ಹುಡುಕತೊಡಗಿದೆವು. ಮೊದಲು ಹೊಳೆದದ್ದು ಕೈಗವಸು. ಆ ಚಳಿಗಾಲದಲ್ಲಿ ಹೊರದೇಶದ ಸಾಮಾನು ಬರುವುದು ನಿಂತುಹೋಗಿ ನಮ್ಮಲ್ಲಿ ಕೈಗವಸಿಗೂ ಗತಿ ಇರಲಿಲ್ಲ. ಅವಳು ಗಂಡನ ಅಂಗಡಿಯಿಂದ ಒಂದು ಪೆಟ್ಟಿಗೆ ತಂದುಕೊಂಡಿದ್ದಳು. ಆ ರಬ್ಬರು ನನ್ನ ಚರ್ಮಕ್ಕೆ ಆಗದೆ ತುರಿಕೆ ಬಂದಿದ್ದರಿಂದ ನಾನು ಹಳೆಯವನ್ನೇ ಹಾಕಿಕೊಳ್ಳುತ್ತಿದ್ದೆ.

ನಮ್ಮ ಬೀರುವಿನಲ್ಲಿ ಕೂದಲಿನಷ್ಟು ತೆಳುವಾದ ಒಂದು ಎಳೆ ಉಳಿದಿತ್ತು. ಸೂಜಿಯೊಳಗೆ ಅಡಗಿರುವ ಆ ಎಳೆಯನ್ನು ಮುಚ್ಚಿದ ಸೀಸೆಯೊಳಗೆ ಚಾಚಿದರೆ, ಒಳಗಿನ ಗಾಳಿಯಲ್ಲಿರುವ ವಿಷವನ್ನೂ ಅಂಟಿಸಿಕೊಂಡು ಬರುತ್ತದೆ. ಇನ್ನೊಂದು ಸಿಗುವ ನಂಬಿಕೆ ಇಲ್ಲದೆ ಜೋಪಾನ ಮಾಡಿಟ್ಟಿದ್ದೆವು. ಒಂದು ಕೈಗವಸನ್ನು ಸೀಸೆಗೆ ಹಾಕಿ, ಬೆಚ್ಚಗೆ ಮಾಡಿ, ಎಳೆಯನ್ನು ಚಾಚಿದೆವು. ಆಮೇಲೆ ಯಂತ್ರಕ್ಕೆ ಕೊಟ್ಟರೆ ಗೆರೆ ಪರದೆಯ ಮೇಲಂಚನ್ನೇ ಮುಟ್ಟಿಬಿಟ್ಟಿತು.

ನನಗೆ ಹೋದ ಜೀವ ಬಂದಂತಾಯಿತು. "ಅಬ್ಬಾ, ಕೈಗವಸು! ಇಷ್ಟೇ ತಾನೆ? ಎಸೆದ್ರಾಯ್ತು ಬಿಡೆ" ಎಂದೆ.

ಅವಳಿಗೆ ನನ್ನ ಮಾತು ಕೇಳಿಸಲಿಲ್ಲ ಎಂದು ಕಾಣುತ್ತದೆ. ಬಾಗಿಲಿಗೆ ಚಿಲಕ ಹಾಕಿದಳು. ತಲೆಯ ಮೇಲಿನ ಸ್ಕಾರ್ಫ್ ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟಳು.

"ಇದನ್ನ ಸೀಸೆಗೆ ಹಾಕು."

"ಇದ್ಯಾಕೆ ಫರಂಗೀಸ್ ಜಾನ್? ಸಿಕ್ತಲ್ಲ ಕಾರಣ."

"ಹಾಕು ಮಾಹರುಖ್."

ಹಾಕಿದೆ. ಕೈಗವಸಿನಷ್ಟಲ್ಲದಿದ್ದರೂ ಗೆರೆ ಎದ್ದಿತು. ಹಿಂದಿನ ದಿನ ತಾನೇ ಒಗೆದು ಮನೆಯ ಬಾಲ್ಕನಿಯಲ್ಲಿ ಒಣಗಿಸಿದ ಸ್ಕಾರ್ಫ್ ಅದು. ಬಾಲ್ಕನಿಯ ನೇರ ಕೆಳಗೆ ಹುಶಂಗ್ ಮೂಟೆ ಬಿಚ್ಚಿ ಹರಳು ಔಷಧಿಯನ್ನು ತಗಡಿನ ಮೊರದಲ್ಲಿ ತೋಡಿ ತೋಡಿ ರೈತರಿಗೆ ತೂಗಿ ಕೊಡುತ್ತಿದ್ದ. ಗೋದಾಮಿನ ಸೂರು ಸೋರುತ್ತಿದ್ದುದರಿಂದ ಆ ವರ್ಷ ಮೂಟೆಗಳನ್ನು ಮನೆಯ ಮೆಟ್ಟಿಲ ಕೆಳಗೂ ಪೇರಿಸಿದ್ದ.

ಮಾರನೆಯ ದಿನ ಅವಳು ಒಂದು ಚೀಲ ತಂದಳು. ಒಳಗೆ ತರಾನೆಯ ದಿಂಬಿನ ಕವರು. ನಾನೇ ಸೀಸೆಗೆ ಹಾಕಿದೆ. ಅವಳು ಪರದೆಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನೇನೂ ಹೇಳಬೇಕಾಗಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕುಸಿದು, "ನಾನು ಬೈತಿದ್ದೆ ಕಣೆ ಅವಳಿಗೆ. ಫೋನ್ ಅಂತ ಬೈತಿದ್ದೆ" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು.

ಆ ಸಂಜೆ ಅವಳ ಜೊತೆ ಫೂಮನ್‌ಗೆ ನಾನೂ ಹೋದೆ. ಹುಶಂಗ್ ಅಂಗಡಿಯ ಬಾಗಿಲೆಳೆದು ಮೇಲೆ ಬಂದ. ಹುರುಳಿಕಾಯಿ ಬೀಜ, ಮೊಟ್ಟೆ, ಸಬ್ಬಸಿಗೆ ಹಾಕಿದ ಸಾರು ಒಲೆಯ ಮೇಲೆ ಆರುತ್ತಿತ್ತು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು.

ಅವನು ಮೊದಲು ನಕ್ಕ. "ನೀನು ಯಂತ್ರ ಇಟ್ಟು ಹುಡುಕಿದ್ರೆ ಜನ್ನತ್‌ನ ನದೀಲೂ ಏನಾದ್ರೂ ಸಿಗುತ್ತೆ."

"ಮಗಳ ದಿಂಬಲ್ಲಿ ಸಿಕ್ಕಿದೆ ಹುಶಂಗ್."

"ನಾನು ಹುಟ್ಟಿದ್ದೇ ಈ ವಾಸನೇಲಿ. ನಮ್ಮಪ್ಪ ಇದನ್ನೇ ಮಾರಿ ತೊಂಬತ್ತು ವರ್ಷ ಗುಂಡುಕಲ್ಲಿನ ಹಾಗಿದ್ದ."

"ನಿಮ್ಮಪ್ಪನ ಬೆರಳು ಜೋಮು ಹಿಡೀತಿರ್ಲಿಲ್ಲ."

"ಅದು ಇದ್ರಿಂದಾನೇ ಅಂತ ಯಾವ ಡಾಕ್ಟರು ಹೇಳಿದ?"

"ಯಾರೂ ಹೇಳಿಲ್ಲ. ಅಲ್ಲ ಅಂತಾನೂ ಯಾರೂ ಹೇಳಿಲ್ಲ."

ಹುಶಂಗ್‌ನ ನಗು ಇಳಿಯಿತು. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ನಾನೇನ್ ಮಾಡ್ಲಿ? ಅಂಗಡಿ ಮುಚ್ಚಿ ಕಲೂಚೆ ಬಿಸ್ಕತ್ತು ಸುಟ್ಟು ಮಾರ್ಲಾ ಈ ವಯಸ್ಸಲ್ಲಿ?" ಎಂದ. ಅದರಲ್ಲಿ ಕೋಪ ಇರಲಿಲ್ಲ. ಅದೇ ಹೆಚ್ಚು ಸಂಕಟವಾಗಿತ್ತು. ಕೋಣೆಯ ಬಾಗಿಲ ಸಂದಿಯಲ್ಲಿ ತರಾನೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಅಲ್ಲಿದ್ದಾಳೆಂದು ನಮಗೆ ಗೊತ್ತಾದಾಗ ಹೊತ್ತು ಮೀರಿತ್ತು.

ಇತ್ತ ತೂಸ್ಕಲೆಯ ಲೆಕ್ಕ ಹಾಗೇ ಉಳಿದಿತ್ತು. ಫರಂಗೀಸ್ ಇಂಜಿನಿಯರ್ ಫಲ್ಲಾಹ್ ಅವರ ಬಳಿ ಹೋಗಿ ತಪ್ಪು ತನ್ನದೆಂದು ಹೇಳಿದಳು. ಅವರು ಕೆಟ್ಟವರಲ್ಲ, ಹೆದರಿದವರು.

"ನೋಡಿ ಖಾನಂ, ಎರಡನೇ ಬಾಟಲಿ ಸ್ವಚ್ಛ ಇದೆ ತಾನೆ? ಮಳೆ ಬಂತು, ಕೊಚ್ಕೊಂಡು ಹೋಯ್ತು, ಈಗ ನೀರು ಕುಡೀಬಹುದು ಅಂತ ಬರೆದ್ರೆ ಮುಗೀತು. ಬಾವಿ ತೆಗೀತಾರೆ, ಎಲ್ಲರೂ ಮರೀತಾರೆ."

"ಶಾಬಾನ್‌ನ ಮರೀತಾರಾ ಆಗಾ?"

"ಯಾವ ಶಾಬಾನ್?"

"ಕೊಚ್ಕೊಂಡು ಹೋಯ್ತು ಅಂದ್ರೆ ಮೊದಲು ಇತ್ತು ಅಂತಾಯ್ತಲ್ಲ. ಇತ್ತು ಅಂದ್ಮೇಲೆ ಹಾಕಿದವನು ಅವನೇ ಆಗ್ತಾನೆ, ಸಾಯೋವರೆಗೂ."

"ನಿಜ ಬರೆದ್ರೆ ಈ ವರ್ಷ ನಾವು ಕೊಟ್ಟಿರೋ ಒಂದೊಂದು ವರದಿನೂ ಜನ ಎತ್ತಿ ತೋರಿಸ್ತಾರೆ. ಅದನ್ನ ಯೋಚನೆ ಮಾಡಿದ್ರಾ?"

"ಮಾಡಿದೀನಿ," ಎಂದಳು. "ಅದಕ್ಕೇ ನಿದ್ದೆ ಬರ್ತಿಲ್ಲ."

ಅವರು ಬೇಡವೆಂದರೂ ಅವಳು ಕೇಳಲಿಲ್ಲ. ಶುಕ್ರವಾರ ತೂಸ್ಕಲೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ನಮಾಜು ಮುಗಿಸಿ ಗಂಡಸರು ಚಹಾ ಅಂಗಡಿಯ ಮುಂದೆ ಸೇರಿದ್ದರು. ಕಾಸ್ ಆಗಾ ಬೆಂಚು ಒರೆಸಿ ಕೊಟ್ಟ. ಅವಳು ಕೂರಲಿಲ್ಲ.

"ನಿಮ್ಮ ಬಾವಿಯಲ್ಲಿ ವಿಷ ಇರ್ಲಿಲ್ಲ. ನನ್ನ ಕೈಗವಸಲ್ಲಿತ್ತು. ನಮ್ಮನೆ ಅಂಗಡೀದು. ನಾನು ತಪ್ಪು ಹೇಳಿದೆ. ಶಾಬಾನ್ ಆಗಾ ಏನೂ ಮಾಡಿಲ್ಲ" ಎಂದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೇನೋ. ಒಬ್ಬ ಲೋಟ ಕೆಳಗಿಟ್ಟು ಕೇಳಿದ:

"ಹಾಗಾದ್ರೆ ಬಾತುಕೋಳಿ ಯಾಕೆ ಸತ್ವು?"

"ನನಗೆ ಗೊತ್ತಿಲ್ಲ."

"ಕೈಗವಸು ಕಚ್ಚಿರ್ಬೇಕು" ಎಂದ ಹಿಂದಿನವನೊಬ್ಬ. ಒಂದಿಬ್ಬರು ನಕ್ಕರು.

ಕಾಸ್ ಆಗಾ ತಲೆ ಅಲ್ಲಾಡಿಸಿದ. "ಖಾನಂ, ಆವತ್ತು ವಿಷ ಇದೆ ಅಂದ್ರಿ, ನಂಬಿದ್ವಿ. ಇವತ್ತು ಇಲ್ಲ ಅಂತೀರಿ. ನಾಳೆ ಬಂದು ಮತ್ತೇನೋ ಅಂದ್ರೆ? ಯಾವ ತಾಯಿ ಮಗೂಗೆ ಆ ನೀರು ಕುಡಿಸ್ತಾಳೆ ಹೇಳಿ?"

ಅವಳು ಬಾವಿಗೆ ಹೋಗಿ ತಾನೇ ಕುಡಿದು ತೋರಿಸುತ್ತೇನೆ ಎಂದಳು. "ಅದೆಲ್ಲ ಬೇಡಮ್ಮ, ಮೊಹರು ಮುರಿದ್ರೆ ನಮ್ಮ ಮೇಲೆ ಬರುತ್ತೆ" ಎಂದ ಕಾಸ್ ಆಗಾ.

ಶಾಬಾನ್ ಗುಂಪಿನ ಕೊನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅವಳು ಅವನ ಬಳಿಗೇ ಹೋದಳು. ಕ್ಷಮೆ ಕೇಳಲು ಬಾಯಿ ತೆರೆಯುತ್ತಿದ್ದಂತೆ ಅವನು ಕೈ ಎತ್ತಿ ತಡೆದ.

"ಹೇಳಿದ್ರಲ್ಲ, ಸಾಕು. ಬೇರೆಯವರಾಗಿದ್ರೆ ಬರ್ತಿರ್ಲಿಲ್ಲ. ಆದ್ರೆ ಖಾನಂ, ಇಷ್ಟು ದಿನ ನನ್ನ ಪಕ್ಕದಿಂದ ಎದ್ದು ಹೋದ್ರಲ್ಲ, ಅವರ ಜೊತೆ ನಾನು ಇನ್ಮೇಲೆ ಹೇಗೆ ಕೂರ್ಲಿ? ಅದಕ್ಕೆ ನಿಮ್ಮಲ್ಲಿ ಏನಾದ್ರೂ ಪರೀಕ್ಷೆ ಇದೆಯಾ?"

ವಾಪಸು ಬರುವಾಗ ಅವಳು ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡಬಹುದು. ತಿದ್ದಿದ ವರದಿ ಅವಳ ಹೆಸರಿನಲ್ಲೇ ಹೋಯಿತು. ಅವಳನ್ನು ಪರೀಕ್ಷೆಯ ಮೇಜಿನಿಂದ ತೆಗೆದು, ಹೊರಗಿನಿಂದ ಬರುವ ಬಾಟಲಿಗಳನ್ನು ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರಿಸಿದರು. ಈಗ ನಮ್ಮಲ್ಲಿ ನೀರು ಸಿದ್ಧಮಾಡುವವರೇ ತಮ್ಮ ಖಾಲಿ ನೀರನ್ನೂ ಸಿದ್ಧಮಾಡಬೇಕು. ಹನಿ ಹೀರುವ ಕೆಲಸ ನನ್ನದಾಯಿತು. ನನ್ನ ಕೈ ಅವಳ ಕೈಯಂತಲ್ಲ. ಕೆಲವು ಸಲ ಒಂದೇ ನೀರನ್ನು ಐದಾರು ಸಲ ಮಾಡಿದರೂ ಸಮಾಧಾನವಾಗುವುದಿಲ್ಲ. ಅವಳನ್ನು ಒಳಗೆ ಕರೆಯಲೂ ಆಗುವುದಿಲ್ಲ.

ತೂಸ್ಕಲೆಯವರು ಬಾವಿಯನ್ನು ತೆರೆಯಲಿಲ್ಲ. ಮುಂದಿನ ವರ್ಷ ಹಳ್ಳಿಗೆ ಕೊಳವೆ ನೀರು ಬಂದ ಮೇಲೆ ಅದನ್ನು ಮಣ್ಣು ಹಾಕಿ ಮುಚ್ಚಿದರು. ಶಾಬಾನ್‌ನ ಮಗಳಿಗೆ ಲಂಗರೂದ್ ಕಡೆ ಮದುವೆಯಾಯಿತೆಂದು ಕೇಳಿದೆ. ಮೊದಲು ಗೊತ್ತಾಗಿದ್ದ ಹುಡುಗನ ಜೊತೆಯಲ್ಲ.

ಫರಂಗೀಸ್ ಮಗಳನ್ನು ಕರೆದುಕೊಂಡು ರಶ್ತ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಳು. ಜಗಳವಾಡಿ ಬಿಟ್ಟು ಬಂದದ್ದಲ್ಲ. ಹುಶಂಗ್ ಮೂಟೆಗಳನ್ನು ಊರಾಚೆಯ ಷೆಡ್ಡಿಗೆ ಸಾಗಿಸಿದ, ಮೆಟ್ಟಿಲು ತೊಳೆಸಿದ, ಗೋಡೆಗೆ ಸುಣ್ಣ ಹೊಡೆಸಿದ. ಆದರೂ ಅಂಗಡಿ ಅಂಗಡಿಯೇ. ಅವನು ಶುಕ್ರವಾರ ಬರುತ್ತಾನೆ. ಬಾಗಿಲಲ್ಲೇ ಕೋಟು, ಬೂಟು, ಅಂಗಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಟ್ಟು ನೇರ ಸ್ನಾನಕ್ಕೆ ಹೋಗುತ್ತಾನೆ. "ನನ್ನ ಮನೆಗೆ ನಾನು ಕಳ್ಳನ ಹಾಗೆ ಬರ್ತೀನಿ ನೋಡು ಮಾಹರುಖ್" ಎಂದು ನನ್ನೆದುರು ನಗಲು ನೋಡುತ್ತಾನೆ. ಸ್ನಾನ ಮುಗಿಸಿ ಬಂದ ಮೇಲೂ ತರಾನೆ ಅವನ ಪಕ್ಕ ಕೂರುವ ಮೊದಲು ತಾಯಿಯ ಮುಖ ನೋಡುತ್ತಾಳೆ. ಅದನ್ನು ಕಂಡಾಗ ಅವನು ಬೇರೆ ಕಡೆ ತಿರುಗುತ್ತಾನೆ.

ಹುಡುಗಿಯ ತಲೆನೋವು ಕಡಿಮೆಯಾಗಿದೆ. ಮನೆ ಬದಲಾದ್ದರಿಂದಲೋ, ವಯಸ್ಸು ದಾಟಿದ್ದರಿಂದಲೋ, ಡಾಕ್ಟರು ಹೇಳುವುದಿಲ್ಲ. ಬೆರಳಿನ ಜೋಮು ಮಾತ್ರ ಕೆಲವು ಬೆಳಿಗ್ಗೆ ಇರುತ್ತದೆ. ಆಗ ಅಂಗಿಯ ಗುಂಡಿ ಹಾಕಿಕೊಳ್ಳಲು ಅವಳಿಗೆ ತಾಯಿಯೇ ಬೇಕು. ಅಂಥ ದಿನ ಫರಂಗೀಸ್ ಕೆಲಸಕ್ಕೆ ತಡವಾಗಿ ಬಂದು, ಯಾರ ಕಡೆಗೂ ನೋಡದೆ ಕಿಟಕಿಯ ಹಿಂದೆ ಕೂತು ಬಾಟಲಿಗಳನ್ನು ತೆಗೆದುಕೊಳ್ಳತೊಡಗುತ್ತಾಳೆ. ಏಕೆ ತಡ ಎಂದು ನಾನು ಕೇಳುವುದಿಲ್ಲ.